ಮೆಟ್ಟುಗತ್ತಿ ಮುಂದೆ ಕೂತು ಕೇಳಿದ್ದು

ನಾನು ಮೂವತ್ತು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟವನು. ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ ಉತ್ತರ ನನ್ನ ನಾಲಿಗೆ ತುದಿಗೆ ಬಂದಿರುತ್ತದೆ. ರಿಟೈರ್ ಆದ ಮೇಲೂ ಆ ಚಾಳಿ ಹೋಗಲಿಲ್ಲ. ಅದೇ ಚಾಳಿ ಇಟ್ಟುಕೊಂಡು ನಮ್ಮ ಕ್ಯಾಥೊಲಿಕ್ ಚರ್ಚಿನ ಪಾಲನಾ ಸಮಿತಿಗೆ, ಅಂದರೆ ಫಾದರ್‌ಗೆ ಸಲಹೆ ಕೊಡುವ ಸಮಿತಿಗೆ, ಕಾರ್ಯದರ್ಶಿಯಾದೆ. ಜನ ಯಾಕೆ ಮಾತಾಡಲ್ಲ ಅಂತ ಆಮೇಲೆ ನಾನೇ ತಲೆ ಕೆಡಿಸಿಕೊಂಡೆ.

ನಮ್ಮದು ಹೊಸನಗರಕ್ಕೂ ಸಾಗರಕ್ಕೂ ನಡುವೆ ಕಾಡಂಚಿನ ಸಣ್ಣ ಧರ್ಮಕೇಂದ್ರ. 140 ಮನೆ. ಸಣ್ಣದು ಅಂದರೆ ಎಲ್ಲರೂ ಒಂದೇ ಥರ ಅಂದುಕೊಳ್ಳಬೇಡಿ. ಅಜ್ಜನ ಕಾಲದಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ನಮ್ಮಂಥ ಕೊಂಕಣಿ ಮನೆಗಳಿವೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ಕೆಲಸಕ್ಕೆ ಬಂದು ಇಲ್ಲೇ ನಿಂತ ತಮಿಳು ಮನೆಗಳಿವೆ. ಶುಂಠಿ, ರಬ್ಬರ್ ಅಂತ ಬಂದ ಮಲಯಾಳಿಗಳಿದ್ದಾರೆ. ಅವರದು ಸಿರೋ ಮಲಬಾರ್ ಪರಂಪರೆ; ಕ್ಯಾಥೊಲಿಕರೇ, ಪೂಜೆಯ ಕ್ರಮ ಮಾತ್ರ ಬೇರೆ. 2007ರಿಂದ ಭದ್ರಾವತಿಯಲ್ಲಿ ಅವರದೇ ಬಿಷಪ್ಪರಿರುವ ಧರ್ಮಕ್ಷೇತ್ರ ಇದೆ. ಆದರೂ ಪ್ರತಿ ಭಾನುವಾರ ಅಷ್ಟು ದೂರ ಹೋಗೋಕೆ ಆಗದವರು ನಮ್ಮ ಬೆಂಚಿನಲ್ಲೇ ಕೂರುತ್ತಾರೆ. ಇನ್ನು ಕನ್ನಡವೇ ಮನೆಮಾತಾದವರು. ಇವರಲ್ಲಿ ಜಾಸ್ತಿ ಜನ ಕೂಲಿ ಮಾಡುವವರು. ಸಮಿತಿಯಲ್ಲಿ ಮಾತ್ರ ಅವರ ಸಂಖ್ಯೆ ಬಹಳ ವರ್ಷ ಒಂದೇ ಇತ್ತು. ಆ ಒಬ್ಬರೂ ಸಭೆಯಲ್ಲಿ ಬಾಗಿಲ ಹತ್ತಿರ ಕೂರುತ್ತಿದ್ದರು.

2021ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್ ಸಿನೊಡ್, ಅಂದರೆ ಇಡೀ ಧರ್ಮಸಭೆಯ ಸಮಾಲೋಚನೆ, ಶುರು ಮಾಡಿದರಲ್ಲ, ಆಗ ಎಲ್ಲಾ ಚರ್ಚುಗಳಿಗೂ ಒಂದೇ ಮಾತು ಬಂತು: ಜನರ ಮಾತು ಕೇಳಿ, ದೂರ ಸರಿದವರದ್ದೂ ಕೇಳಿ. ನಮ್ಮಲ್ಲಿಗೂ ಪ್ರಶ್ನೆಗಳ ಹಾಳೆ ಬಂತು. ಒಂದು ಸಂಜೆ ಸಮಿತಿಯ ನಾಲ್ಕು ಜನ ಕೂತೆವು. ‘ನಮ್ಮ ಜನರ ಅನಿಸಿಕೆ’ ಅಂತ ತಲೆಬರಹ ಹಾಕಿ ಒಂದೂವರೆ ಗಂಟೆಯಲ್ಲಿ ಎಲ್ಲಾ ತುಂಬಿಸಿ ಕಳಿಸಿದೆವು. ನನ್ನ ಅಕ್ಷರ ಚೆನ್ನಾಗಿದೆ, ಹಾಗಾಗಿ ಬರೆದವನು ನಾನೇ. ಜನರನ್ನು ಒಂದು ಮಾತು ಕೇಳಬೇಕಿತ್ತು ಅಂತ ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಹೊಸದಾಗಿ ಬಂದ ಫಾದರ್‌ಗೆ ಆ ಹಾಳೆಯ ನಕಲು ಸಿಕ್ಕಿತು. ಓದಿ, ‘ಮೇಷ್ಟ್ರೇ, ಇಷ್ಟೂ ಜನ ಒಂದೇ ಥರ ಯೋಚನೆ ಮಾಡ್ತಾರಾ?’ ಅಂದರು. ಸರಿ, ಬಲಿಪೂಜೆ ಮುಗಿದ ಮೇಲೆ ಮೈಕ್ ಇಟ್ಟು ಕೇಳೋಣ ಅಂದೆ. ಮೂರು ಭಾನುವಾರ ಇಟ್ಟೆವು. ಮೂರೂ ಸಲ ಎದ್ದವರು ಅದೇ ಮೂರು ಗಂಡಸರು. ಒಬ್ಬರು ಸೌಂಡ್ ಸಿಸ್ಟಂ ಬಗ್ಗೆ, ಒಬ್ಬರು ಸ್ಮಶಾನದ ಬೇಲಿ ಬಗ್ಗೆ, ಮೂರನೆಯವರು ಮೊದಲಿಬ್ಬರ ಬಗ್ಗೆ ಮಾತಾಡಿದರು. ಉಳಿದವರು ‘ಎಲ್ಲಾ ಚೆನ್ನಾಗಿದೆ ಫಾದರ್’ ಅಂತ ಹೇಳಿ ಬಸ್ಸು ಹಿಡಿಯೋಕೆ ಹೊರಟರು.

ದಾರಿ ಸಿಕ್ಕಿದ್ದು ಅಡಿಕೆಯಿಂದ. 2023ರ ಕೊಯ್ಲಿನ ಹೊತ್ತು. ನಮ್ಮ ಮನೆ ಅಂಗಳದಲ್ಲಿ ರಾತ್ರಿ ಸುಲಿತ ನಡೀತಿತ್ತು. ಮಲೆನಾಡಿನವರಿಗೆ ಇದು ಹೇಳಬೇಕಾಗಿಲ್ಲ. ತಂತಿಗೆ ನೇತು ಹಾಕಿದ ಬಲ್ಬು, ಅದರ ಕೆಳಗೆ ಹಸಿ ಅಡಿಕೆ ರಾಶಿ, ಸುತ್ತ ಹತ್ತು ಹನ್ನೆರಡು ಮೆಟ್ಟುಗತ್ತಿ. ಕಾಯನ್ನು ಅಲಗಿಗೆ ಒತ್ತಿ ತಿರುವಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಬೆಳಿಗ್ಗೆ ಹಂಡೆಗೆ ಹಾಕಿ ಬೇಯಿಸಬೇಕು, ಹಾಗಾಗಿ ರಾತ್ರಿ ಹನ್ನೊಂದಾದರೂ ಯಾರೂ ಏಳಲ್ಲ. ಕೈ ಕೆಲಸದಲ್ಲಿ, ಕಣ್ಣು ಅಲಗಿನ ಮೇಲೆ. ಯಾರೂ ಯಾರ ಮುಖವನ್ನೂ ನೋಡುವ ಹಾಗಿಲ್ಲ. ಅದಕ್ಕೇ ಇರಬೇಕು, ಮಾತು ತಾನಾಗೇ ಬರುತ್ತದೆ. ಯಾರ ಮಗಳು ಗಂಡನ ಮನೆಯಿಂದ ವಾಪಸ್ ಬಂದಳು, ಯಾರ ಸಾಲ ಎಷ್ಟು, ಎಲ್ಲಾ. ಆ ರಾತ್ರಿ ಚರ್ಚಿನ ವಿಷಯ ಬಂತು. ಜಗಲಿಯಲ್ಲಿ ಲೆಕ್ಕ ಬರೀತಿದ್ದ ನಾನಿದ್ದೇನೆ ಅನ್ನೋದು ಅವರಿಗೆ ಮರೆತೇ ಹೋಗಿತ್ತು. ಮೂರು ಭಾನುವಾರ ಮೈಕ್ ಇಟ್ಟರೂ ಕೇಳದ್ದನ್ನು ಆ ಅರ್ಧ ಗಂಟೆಯಲ್ಲಿ ಕೇಳಿದೆ.

ಮರುದಿನ ಫಾದರ್ ಹತ್ತಿರ ಹೋಗಿ, ಅಕ್ಕಪಕ್ಕದ ಮನೆಯವರು ಸೇರುವ ವಾರ್ಡ್ ಕೂಟಗಳನ್ನು ಸುಲಿತದ ಮನೆಯಲ್ಲೇ ಮಾಡೋಣ ಅಂದೆ. ಅವರು ನಕ್ಕರು. ಕಾನ್ವೆಂಟಿನ ಸಿಸ್ಟರ್ ನಗಲಿಲ್ಲ. ಅವರು ಸಿನೊಡಿನ ರೀತಿಯ ಬಗ್ಗೆ ಒಂದು ತರಬೇತಿಗೆ ಹೋಗಿ ಬಂದಿದ್ದರು. 2023ರ ಅಕ್ಟೋಬರಿನಲ್ಲಿ ರೋಮಿನಲ್ಲಿ ನಡೆದ ಸಿನೊಡ್ ಸಭೆಯಲ್ಲಿ ಬಿಷಪ್ಪರು, ಸಿಸ್ಟರುಗಳು, ಸಾಮಾನ್ಯ ಗೃಹಸ್ಥರು ಎಲ್ಲಾ ದುಂಡು ಮೇಜಿನ ಸುತ್ತ ಕೂತು ಮಾತಾಡಿದ್ದರು. ಆ ಸಭೆಯಲ್ಲಿ ಹೆಂಗಸರಿಗೂ ಮತ ಹಾಕುವ ಹಕ್ಕು ಸಿಕ್ಕಿದ್ದು ಅದೇ ಮೊದಲು. ಅಲ್ಲಿ ಒಂದು ಸುತ್ತು ಎಲ್ಲರೂ ತಮ್ಮ ಮಾತು ಹೇಳುತ್ತಾರೆ. ಸ್ವಲ್ಪ ಹೊತ್ತು ಮೌನ. ಎರಡನೇ ಸುತ್ತಲ್ಲಿ, ಬೇರೆಯವರು ಹೇಳಿದ್ದರಲ್ಲಿ ನನಗೆ ತಟ್ಟಿದ್ದೇನು ಅನ್ನೋದನ್ನು ಹೇಳಬೇಕು. ಏನು ಮಾಡೋಣ ಅನ್ನೋದು ಮೂರನೇ ಸುತ್ತಿಗೆ.

‘ಮೇಜಿನ ಬದಲು ಅಡಿಕೆ ರಾಶಿ, ಅಷ್ಟೇ ಅಲ್ವಾ?’ ಅಂದರು ಸಿಸ್ಟರ್.

ಅಷ್ಟೇ ಆಗಿರಲಿಲ್ಲ. ಸುಲಿಯಲು ಬರುವವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಮಾತಿಗೆ ಕೈ ನಿಂತರೆ ನಷ್ಟ ಅವರಿಗೆ. ಹಾಗಾಗಿ ಸಮಿತಿಯವರು, ಫಾದರ್ ಸೇರಿ, ಸುಲಿದದ್ದೆಲ್ಲಾ ಅವರ ಡಬ್ಬಕ್ಕೆ ಹಾಕೋದು ಅಂತ ಮಾಡಿದೆವು. ಬಂದವರಲ್ಲಿ ಹಿಂದೂ ಹೆಂಗಸರೂ ಇರುತ್ತಿದ್ದರು. ಅವರನ್ನು ಎದ್ದು ಹೋಗಿ ಅನ್ನೋಕಾಗುತ್ತಾ? ಅವರೂ ಕೂತರು, ಅವರೂ ಹೇಳಿದರು.

ಇನ್ನೊಂದು ಬದಲಾವಣೆ ಪ್ರಶ್ನೆಯಲ್ಲಿ. ‘ಚರ್ಚಿನ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಅಂದರೆ ಯಾರೂ ಬಾಯಿ ಬಿಡಲ್ಲ. ಅಭಿಪ್ರಾಯ ಅನ್ನೋದು ಓದಿದವರ ಸಾಮಾನು ಅಂತ ಜನರ ಲೆಕ್ಕ. ನಾವು ಕೇಳಿದ್ದು ಇಷ್ಟು: ‘ಈ ವರ್ಷ ಚರ್ಚಿಂದ ಮನೆಗೆ ಹೋಗುವಾಗ ಬೇಜಾರಾಗಿದ್ದು ಯಾವತ್ತು?’ ‘ಜನ ಹೀಗಂತಾರೆ’ ಅನ್ನುವ ಹಾಗಿಲ್ಲ, ನಿಮ್ಮದೇ ಹೇಳಬೇಕು. ಆ ರಾತ್ರಿ ಯಾರೂ ಉತ್ತರ ಕೊಡುವಂತಿಲ್ಲ. ಈ ಕೊನೇದು ನನಗೋಸ್ಕರವೇ ಮಾಡಿದ ನಿಯಮ ಅಂತ ಎಲ್ಲರಿಗೂ ಗೊತ್ತಿತ್ತು.

ಮೊದಲ ರಾತ್ರಿಯೇ ನನಗೆ ಪರೀಕ್ಷೆ ಬಂತು. ಚರ್ಚಿನ ಕಸ ಗುಡಿಸುವ ಹೆಂಗಸು ನನ್ನಿಂದ ಮೂರನೇ ಮಣೆಯಲ್ಲಿ ಕೂತಿದ್ದರು. ಸರದಿ ಬಂದಾಗ ತಲೆ ಎತ್ತದೆ ಹೇಳಿದರು, ‘ಮೇಷ್ಟ್ರೇ, ಹನ್ನೊಂದು ವರ್ಷ ಆಯ್ತು ಗುಡಿಸೋಕೆ ಹಿಡಿದು. ಹಬ್ಬದ ಊಟಕ್ಕೆ ನಂಗೆ ಒಂದು ಸಲನೂ ಹಳದಿ ಚೀಟಿ ಬಂದಿಲ್ಲ.’

ಹಳದಿ ಚೀಟಿ ಕಂಡುಹಿಡಿದವನು ನಾನು. ಊರ ಹಬ್ಬಕ್ಕೆ 600 ಜನ, ಹಾಲ್‌ನಲ್ಲಿ ಹಿಡಿಸೋದು 200. ಮೂರು ಪಂಕ್ತಿ ಬೇಕೇ ಬೇಕು. ಅತಿಥಿಗಳು, ಸಮಿತಿಯವರು, ಜಾಸ್ತಿ ದೇಣಿಗೆ ಕೊಟ್ಟವರು ಮೊದಲ ಪಂಕ್ತಿಗೆ, ಅವರಿಗೆ ಹಳದಿ. ಉಳಿದವರಿಗೆ ಬಿಳಿ. ಗಣಿತ ಸರಿಯಾಗೇ ಇತ್ತು.

‘ಬಿಳಿ ಚೀಟಿ ಸರದಿ ಬರೋ ಹೊತ್ತಿಗೆ ಪೋರ್ಕಲ್ಲಿ ಬರೀ ಗ್ರೇವಿ ಇರ್ತದೆ. ತಿನ್ನೋಕೆ ಸಿಗಲಿಲ್ಲ ಅಂತಲ್ಲ ಮೇಷ್ಟ್ರೇ. ನನ್ನ ಮಗ ಕೇಳ್ದ, ಅಮ್ಮ, ನಾವ್ಯಾಕೆ ಯಾವಾಗ್ಲೂ ಬಿಳಿ ಅಂತ.’

ನನ್ನ ಬಾಯಲ್ಲಿ ಉತ್ತರ ರೆಡಿ ಇತ್ತು. ಊಟದ ಹಾಲ್‌ನ ಅಳತೆ, ಬೆಂಚಿನ ಲೆಕ್ಕ, ಎಲ್ಲಾ. ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಅಲಗು ನೋಡೋದು ಬಿಟ್ಟು ಅವರನ್ನು ನೋಡಿದೆ, ಹೆಬ್ಬೆರಳು ಕುಯ್ದುಕೊಂಡೆ. ಆ ಗಡಿಬಿಡಿಯಲ್ಲಿ ಉತ್ತರ ಗಂಟಲಲ್ಲೇ ಉಳಿಯಿತು. ಅಡಿಕೆ ಚೊಗರು ಗಾಯಕ್ಕೆ ತಾಗಿದರೆ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು.

ಮುಂದಿನ ಭಾನುವಾರ ಫಾದರ್ ಪ್ರಬೋಧನೆಯಲ್ಲಿ ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯ ತೆಗೆದರು. ಪ್ರೇಷಿತರು ಅಂದರೆ ಯೇಸು ಆರಿಸಿ ಕಳಿಸಿದ ಶಿಷ್ಯರು. ಜೆರುಸಲೇಮಿನ ಮೊದಲ ಸಭೆಯಲ್ಲೇ ಊಟದ ಜಗಳ ಆಗಿತ್ತು. ದಿನಾ ಹಂಚುವಾಗ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಾರೆ ಅಂತ ಗ್ರೀಕ್ ಮಾತಾಡುವವರು ಗೊಣಗಿದರು. ಪ್ರೇಷಿತರು ಅವರಿಗೆ ಬುದ್ಧಿ ಹೇಳಲಿಲ್ಲ. ಎಲ್ಲರನ್ನೂ ಕರೆದು ಏಳು ಜನರನ್ನು ಆರಿಸಿ ಅಂದರು. ಫಾದರ್ ಆ ಏಳು ಹೆಸರನ್ನೂ ಓದಿದರು: ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಅಂದರೆ, ದೂರು ಕೊಟ್ಟವರ ಕಡೆಯವರ ಕೈಗೇ ಬಡಿಸುವ ಕೆಲಸ ಬಂದ ಹಾಗೆ ಕಾಣುತ್ತದೆ. ಈ ವಚನ ನಾನು ಎಷ್ಟೋ ಸಲ ಚರ್ಚಲ್ಲಿ ನಿಂತು ಓದಿದ್ದೇನೆ. ಹೆಸರುಗಳನ್ನು ತಡವರಿಸದೆ ಓದೋದರ ಮೇಲೇ ನನ್ನ ಗಮನ ಇರುತ್ತಿತ್ತು.

ಆ ಸಲದ ಹಬ್ಬದಲ್ಲಿ ಚೀಟಿ ಹಂಚುವ ಕೆಲಸ ಬಿಳಿ ಚೀಟಿಯವರಿಗೇ ಹೋಯಿತು. ಅವರು ಬಣ್ಣವನ್ನೇ ತೆಗೆದುಹಾಕಿದರು. ವಯಸ್ಸಾದವರು, ಎಳೆ ಮಕ್ಕಳಿರುವವರು ಮೊದಲು. ಉಳಿದವರಿಗೆ ಚೀಟಿ ಎತ್ತಿ ಸರದಿ. ಪೋರ್ಕ್ ತುಂಡು ಸಣ್ಣದು ಮಾಡಿಸಿದರು, ಕೊನೇ ಪಂಕ್ತಿಗೂ ಬಂತು. ದೇಣಿಗೆ ಕೊಟ್ಟ ಇಬ್ಬರು ಮುನಿಸಿಕೊಂಡು ಊಟ ಮಾಡದೆ ಹೋದರು. ನನಗೆ ಮೂರನೇ ಪಂಕ್ತಿ. ಹಸಿವು ತಡೆಯೋಕಾಗದೆ ಅಡುಗೆಯವರ ಹತ್ತಿರ ಹೋಗಿ ಇಡ್ಲಿಯಂಥ ಸಾನ್ನ ಕೇಳಿ ತಿಂದೆ.

ಬೇರೆ ರಾತ್ರಿಗಳಲ್ಲಿ ಬೇರೆ ಮಾತು. ಒಬ್ಬ ತಮಿಳು ಅಜ್ಜಿ, ‘ಪಾಪನಿವೇದನೆ ಮಾಡಿ ನಾಲ್ಕು ವರ್ಷ ಆಯ್ತು’ ಅಂದರು. ಫಾದರ್ ಹತ್ತಿರ ಗುಟ್ಟಾಗಿ ತಪ್ಪು ಹೇಳಿಕೊಳ್ಳೋದು ಅದು. ಕನ್ನಡ ಸಂತೆಗೆ, ಬಸ್ಸಿಗೆ ಸಾಕಾಗುವಷ್ಟು ಬರುತ್ತದೆ. ಮನಸ್ಸಿನೊಳಗಿನದ್ದು ಹೇಳೋಕೆ ಸಾಕಾಗಲ್ಲ. ಪ್ರತಿ ಭಾನುವಾರ ಮೊದಲ ಬೆಂಚಲ್ಲಿ ಕೂರುವ ಅಜ್ಜಿ ಅವರು! ಈಗ ಕ್ರಿಸ್ಮಸ್‌ಗೆ ಮೊದಲು, ಪಾಸ್ಕಕ್ಕೆ (ಈಸ್ಟರ್) ಮೊದಲು, ವರ್ಷಕ್ಕೆ ಎರಡು ಸಲ ತಮಿಳು ಬಲ್ಲ ಒಬ್ಬ ಫಾದರ್ ಭದ್ರಾವತಿ ಕಡೆಯಿಂದ ಬರುತ್ತಾರೆ. ಇದಕ್ಕೆ ಬೇಕಾಗಿದ್ದು ಒಂದು ಫೋನು.

ಒಬ್ಬಳು ಎಸ್ಸೆಸ್ಸೆಲ್ಸಿ ಹುಡುಗಿ, ‘ಧರ್ಮೋಪದೇಶದ ಕ್ಲಾಸಲ್ಲಿ ಪ್ರಶ್ನೆ ಕೇಳಿದ್ರೆ ಅಮ್ಮಂಗೆ ಫೋನ್ ಹೋಗುತ್ತೆ’ ಅಂದಳು. ಆ ಟೀಚರ್ ಬೇರೆ ಯಾರೂ ಅಲ್ಲ, ನನ್ನ ಹೆಂಡತಿ. ಅಲ್ಲೇ ಕೂತಿದ್ದಳು. ಮೂರು ದಿನ ಮನೆಯಲ್ಲಿ ಮಾತಿಲ್ಲ. ಹುಡುಗಿ ಕೇಳಿದ್ದ ಪ್ರಶ್ನೆ, ‘ನನ್ನ ಹಿಂದೂ, ಮುಸ್ಲಿಂ ಫ್ರೆಂಡ್ಸ್ ಸ್ವರ್ಗಕ್ಕೆ ಹೋಗಲ್ವಾ?’ ಫಾದರ್ ಒಂದು ಪುಸ್ತಕ ತಂದುಕೊಟ್ಟರು. ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕುವವರಿಗೂ ರಕ್ಷಣೆ ಸಿಗಬಹುದು ಅಂತ ಜಗತ್ತಿನ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿತ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ ಅದು. ಗಂಡಹೆಂಡತಿ ಇಬ್ಬರೂ ಅದನ್ನು ಓದಿರಲಿಲ್ಲ. ಈಗ ಅವಳ ಕ್ಲಾಸಿನ ಮೊದಲ ಹತ್ತು ನಿಮಿಷ ಬರೀ ಪ್ರಶ್ನೆ. ‘ಗೊತ್ತಿಲ್ಲ, ಮುಂದಿನ ವಾರ ಹೇಳ್ತೀನಿ’ ಅನ್ನೋದನ್ನು ಕಲಿತಿದ್ದಾಳೆ. ನಾನಿನ್ನೂ ಕಲಿತಿಲ್ಲ.

ಒಂದು ಕಡೆ ನಾವು ಕೆಟ್ಟದಾಗಿ ಸೋತೆವು. ಬೇರೆ ಧರ್ಮದವರನ್ನು ಮದುವೆಯಾದ ಒಬ್ಬ ಹೆಣ್ಣುಮಗಳು ಒಂದು ರಾತ್ರಿ ತನ್ನ ಮನೆಯ ವಿಷಯ ಹೇಳಿಕೊಂಡಳು. ಎರಡು ದಿನದೊಳಗೆ ಅದು ಹಾಲಿನ ಡೈರಿಯಲ್ಲಿ ಅವಳ ಗಂಡನ ಕಿವಿಗೇ ಬಿತ್ತು. ಯಾರು ಹೇಳಿದ್ದು ಅಂತ ಕೊನೆಗೂ ಗೊತ್ತಾಗಲಿಲ್ಲ. ಅವಳು ಚರ್ಚಿಗೆ ಬರೋದು ನಿಲ್ಲಿಸಿದಳು. ಸಿಸ್ಟರ್ ಮತ್ತು ನಾನು ಮನೆಗೆ ಹೋದೆವು. ಕಾಫಿ ಕೊಟ್ಟಳು, ಮಳೆ ಬಗ್ಗೆ ಮಾತಾಡಿದಳು, ಗೇಟಿನ ತನಕ ಬಂದು ಕಳಿಸಿಕೊಟ್ಟಳು. ಈಗ ಭಾನುವಾರ ಬರುತ್ತಾಳೆ, ಕೂಟಕ್ಕೆ ಮಾತ್ರ ಇಲ್ಲ. ಅವತ್ತು ಏನು ಹೇಳಿದಳು ಅಂತ ಇಲ್ಲೂ ಬರೆಯಲ್ಲ. ಆ ಮೇಲೆ ಮಾಡಿದ ನಿಯಮ: ಹೇಳಿದವರು ಬರಿ ಅಂದರೆ ಮಾತ್ರ ಬರೆಯೋದು; ಹೊರಗೆ ವಿಷಯ ಹೋಗಬಹುದು, ಹೆಸರು ಹೋಗಬಾರದು. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಫಾದರ್ ಶುರುವಿನಲ್ಲೇ ಒಂದು ವಿಷಯ ಬಿಚ್ಚಿ ಹೇಳಿದ್ದು ಒಳ್ಳೆಯದಾಯಿತು. ಧರ್ಮಸಭೆಯ ಕಾನೂನಿನ 536ನೇ ನಿಯಮದ ಪ್ರಕಾರ ಪಾಲನಾ ಸಮಿತಿ ಸಲಹೆ ಕೊಡಬಹುದು, ತೀರ್ಮಾನ ಅದರದ್ದಲ್ಲ. ಹಾಗೇ 212ನೇ ನಿಯಮದಲ್ಲಿ, ಸಭೆಯ ಒಳಿತಿನ ಬಗ್ಗೆ ಅನಿಸಿದ್ದನ್ನು ಗುರುಗಳಿಗೆ ಹೇಳುವುದು ಭಕ್ತರ ಹಕ್ಕು, ಕೆಲವು ಸಲ ಕರ್ತವ್ಯವೂ ಹೌದು ಅಂತಿದೆ. ಚೀಟಿ ಬಣ್ಣ ನಾವೇ ಬದಲಿಸಬಹುದು. ಪೂಜೆಯ ಹೊತ್ತು ಫಾದರ್ ಕೈಲಿದೆ. ಕೆಲವು ವಿಷಯ ಶಿವಮೊಗ್ಗದ ಬಿಷಪ್ಪರ ಕೈಲೂ ಇಲ್ಲ. ಇದು ಮೊದಲೇ ಗೊತ್ತಿದ್ದರೆ, ಕೇಳಿ ಏನೂ ಮಾಡಲಿಲ್ಲ ಅನ್ನುವ ಸಿಟ್ಟು ಅರ್ಧ ಕಮ್ಮಿ.

ಇಷ್ಟೆಲ್ಲಾ ಹೇಳಿ, ನನಗೆ ಇಷ್ಟವಿಲ್ಲದ ದನಿಯ ಬಗ್ಗೆ ಹೇಳದಿದ್ದರೆ ಸುಳ್ಳಾಗುತ್ತದೆ. ನಮ್ಮ ಕೊಂಕಣಿಯವರಲ್ಲೇ ಒಬ್ಬ ಹಿರಿಯರು. ‘ನಮ್ಮ ಅಜ್ಜ ಕಲ್ಲು ಹೊತ್ತು ಕಟ್ಟಿದ ಚರ್ಚು, ಇಲ್ಲಿ ಕೊಂಕಣಿ ಹಾಡಿಗೇ ಜಾಗ ಇಲ್ಲ’ ಅಂತ ಎಲ್ಲಾ ಸಭೆಯಲ್ಲೂ ಗುಡುಗುವವರು. ಎಲ್ಲರಿಗೂ ಅರ್ಥವಾಗೋದು ಕನ್ನಡ, ಪೂಜೆ ಕನ್ನಡದಲ್ಲೇ ಇರಬೇಕು ಅನ್ನುವವನು ನಾನು. ಅವರು ಎದ್ದರೆ ನಾನೂ ಏಳುತ್ತಿದ್ದೆ. ಒಂದು ರಾತ್ರಿ ಅವರೂ ಬಂದರು. ಹಠಕ್ಕೆ ಬಂದರು ಅಂತ ಕಾಣುತ್ತದೆ. ಸರದಿ ಬಂದಾಗ ಗುಡುಗಲಿಲ್ಲ. ಹೆಂಡತಿ ತೀರಿಹೋಗಿ ಆರು ವರ್ಷ, ಒಬ್ಬ ಮಗ ದುಬೈ, ಇನ್ನೊಬ್ಬ ಬೆಂಗಳೂರು, ಮೊಮ್ಮಕ್ಕಳಿಗೆ ಇಂಗ್ಲಿಷ್ ಮಾತ್ರ. ‘ವಾರದಲ್ಲಿ ನನ್ನ ಭಾಷೆ ನನ್ನ ಕಿವಿಗೆ ಬೀಳೋದು ಚರ್ಚಿನ ಅಂಗಳದಲ್ಲಿ ಮಾತ್ರ ಮಾರಾಯ್ರೇ’ ಅಂದರು. ಎರಡನೇ ಸುತ್ತಲ್ಲಿ ಆ ಮಾತು ನನಗೆ ತಟ್ಟಿತು ಅಂದವರು ತಮಿಳು ಅಜ್ಜಿ.

ಪೂಜೆ ಕನ್ನಡದಲ್ಲೇ ಇರಲಿ ಅಂತ ನಾನು ಈಗಲೂ ಹೇಳುತ್ತೇನೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ಹಾಡೆಲ್ಲಾ ಕೊಂಕಣಿ ಅಂತ ಒಪ್ಪಿಕೊಂಡಿದ್ದೇವೆ. ಅವರಿಗೆ ಅದು ಸಾಲದು, ಕೆಲವರಿಗೆ ಅದೂ ಜಾಸ್ತಿ. ಜಗಳ ನಡೀತಾ ಇದೆ.

ಈ ಸಲ ಮಳೆ ಬಿಡದೆ ಅಡಿಕೆಗೆ ಕೊಳೆ ಬಂದಿದೆ. ಸುಲಿತ ಕಮ್ಮಿ, ಕೂಟವೂ ಕಮ್ಮಿ. ಮೊದಲ ಕೂಟ ಆ ಹಿರಿಯರ ಮನೆಯಲ್ಲೇ ಅಂತೆ. ಅವರೇ ಕರೆದಿದ್ದಾರೆ. ತಮಿಳು ಅಜ್ಜಿಯೂ ಬರುತ್ತಾರೆ. ಇಬ್ಬರಿಗೂ ಕಿವಿ ಮಂದ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಕಿವಿಯಲ್ಲಿ ಇದ್ದ ಹಾಗೇ ಹೇಳೋಕೆ ನಡುವೆ ಒಬ್ಬರು ಬೇಕು, ಅಲ್ಲಿ ಮೇಷ್ಟ್ರ ಮಣೆ ಹಾಕಿ ಅಂತ ಸಿಸ್ಟರ್ ಈಗಲೇ ಹೇಳಿಬಿಟ್ಟಿದ್ದಾರೆ.