ತಾಲ್ಲೂಕು ಆಸ್ಪತ್ರೆಯ ವಿಪತ್ತು ಯೋಜನೆ: ಜನರೇಟರ್‌ನಿಂದ ಶುರು ಮಾಡಿ

ಮೇಲಿನಿಂದ ಸುತ್ತೋಲೆ ಬರುತ್ತದೆ. ಆಸ್ಪತ್ರೆಯ ವಿಪತ್ತು ನಿರ್ವಹಣಾ ಯೋಜನೆ ವಾರದೊಳಗೆ ಕಳಿಸಿ ಅಂತ. ಎಷ್ಟೋ ಕಡೆ ಬೇರೆ ಜಿಲ್ಲೆಯ ಫೈಲ್ ತರಿಸಿ, ಊರಿನ ಹೆಸರು ಬದಲಿಸಿ, ಸೀಲ್ ಹೊಡೆದು ಕಳಿಸಿಬಿಡುತ್ತಾರೆ. ಅಂಥದೊಂದು ಫೈಲ್ ನನ್ನ ಕೈಗೂ ಬಂದಿತ್ತು. ಅದರಲ್ಲಿ ಸುನಾಮಿ ಬಂದರೆ ಏನು ಮಾಡಬೇಕು ಅಂತ ಒಂದಿಡೀ ಪುಟ! ನಮ್ಮದು ಕೃಷ್ಣಾ ತೀರದ ತಾಲ್ಲೂಕು. ಸಮುದ್ರ ಇಲ್ಲಿಗೆ ಎಲ್ಲಿಂದ ಬರಬೇಕು?

ನಾನು ಇಲ್ಲಿನ 100 ಹಾಸಿಗೆ ಆಸ್ಪತ್ರೆಯಲ್ಲಿ ಶುಶ್ರೂಷಾ ಅಧೀಕ್ಷಕಿ. ಇಂಥ ಕೆಲಸ ಸುತ್ತಿ ಸುತ್ತಿ ಕೊನೆಗೆ ಸಿಸ್ಟರ್‌ಗಳ ಮೇಜಿಗೇ ಬರುತ್ತದೆ, ಅಲ್ವಾ? ಹಾಗಾಗಿ ಹೇಗೆ ಮಾಡಬೇಕು ಅಂತ ಬರೆದಿಡುತ್ತಿದ್ದೇನೆ.

ದೇಶದ ಮಟ್ಟದಲ್ಲಿ ಕಾಗದಕ್ಕೇನೂ ಬರ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಇದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಆಸ್ಪತ್ರೆ ಸುರಕ್ಷತೆಗೆಂದೇ ಮಾರ್ಗಸೂಚಿ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಆಸ್ಪತ್ರೆ ಸುರಕ್ಷತಾ ಸೂಚ್ಯಂಕದಲ್ಲಿ 151 ಅಂಶಗಳ ಪಟ್ಟಿ ಇದೆ. ಅದನ್ನು ತುಂಬಿದರೆ ನಿಮ್ಮ ಆಸ್ಪತ್ರೆ ಎ, ಬಿ, ಸಿ ಪೈಕಿ ಯಾವ ದರ್ಜೆಗೆ ಬೀಳುತ್ತದೆ ಅಂತ ಗೊತ್ತಾಗುತ್ತದೆ. ಇವೆಲ್ಲ ಹೇಳೋದು ಒಂದೇ ಮಾತು: ಕಟ್ಟಡವೂ ಉಳಿಯಬೇಕು, ಒಳಗಿನ ಕೆಲಸವೂ ನಡೆಯುತ್ತಿರಬೇಕು.

ಎರಡೂ ಬೇರೆ ಬೇರೆ. 2001ರ ಜನವರಿ 26ರಂದು ಭುಜ್‌ನಲ್ಲಿ ಭೂಕಂಪಕ್ಕೆ ಜಿಲ್ಲಾಸ್ಪತ್ರೆಯೇ ಕುಸಿಯಿತು. ಆಮೇಲೆ ಅಲ್ಲಿ ಕಟ್ಟಿದ ಹೊಸ ಆಸ್ಪತ್ರೆಯ ಅಡಿಯಲ್ಲಿ, ನೆಲ ಅಲುಗಿದರೂ ಕಟ್ಟಡ ಜಾಸ್ತಿ ಅಲುಗದ ಹಾಗೆ ರಬ್ಬರ್ ಬೇರಿಂಗ್ ಕೂರಿಸಿದರು. 2015ರ ಡಿಸೆಂಬರ್‌ನಲ್ಲಿ ಚೆನ್ನೈನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ಕಥೆ ಬೇರೆ. ಕಟ್ಟಡ ಗಟ್ಟಿಯಾಗಿ ನಿಂತಿತ್ತು. ನೆರೆ ನೀರು ಜನರೇಟರ್‌ಗೆ ನುಗ್ಗಿತು, ಕರೆಂಟ್ ಹೋಯಿತು, ಐಸಿಯು ರೋಗಿಗಳನ್ನು ಬೇರೆ ಕಡೆ ಸಾಗಿಸಬೇಕಾಯಿತು. ಗೋಡೆ, ಪಿಲ್ಲರ್ ನೋಡೋದು ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಕೆಲಸ. ಅವರಿಗೆ ಪತ್ರ ಬರೆದು, ಬಂದಾಗ ಜೊತೆಗೆ ಓಡಾಡಿ. ಉಳಿದದ್ದು ನಮ್ಮ ಕೈಯಲ್ಲೇ ಇದೆ.

ಅದಕ್ಕೇ ಹೇಳೋದು, ಜನರೇಟರ್‌ನಿಂದ ಶುರು ಮಾಡಿ. ಮೊದಲು ಒಂದು ಡಬ್ಬಿ ಕೆಂಪು ಪೇಂಟ್ ತರಿಸಿ. 2005, 2019ರ ನೆರೆಗಳಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಹಳೆಯ ಗ್ರೂಪ್ ಡಿ ನೌಕರರನ್ನು, ಗೇಟಿನ ಎದುರಿನ ಚಹಾ ಅಂಗಡಿಯವರನ್ನು ಕೇಳಿ. ಅವರು ತೋರಿಸಿದ ಜಾಗದಲ್ಲಿ ಗೆರೆ ಎಳೆಯಿರಿ. ಆ ಗೆರೆಗಿಂತ ಕೆಳಗೆ ಏನೇನಿದೆ ನೋಡಿ. ಜನರೇಟರ್ ಇದೆಯೇ? ಕರೆಂಟ್ ಹೋದಾಗ ಆಸ್ಪತ್ರೆಯ ಲೈನನ್ನು ಜನರೇಟರ್‌ಗೆ ಬದಲಿಸುವ ಚೇಂಜ್‌ಓವರ್ ಪ್ಯಾನಲ್ ಇದೆಯೇ? ಜನರೇಟರನ್ನು ಎತ್ತರದ ಕಟ್ಟೆ ಮೇಲೆ ಕೂರಿಸಿ ಪ್ಯಾನಲನ್ನು ಕೆಳಗೇ ಬಿಟ್ಟಿರೋದು ಬಹಳ ಕಡೆ ಕಾಣುತ್ತದೆ. ಪ್ಯಾನಲ್ ಮುಳುಗಿದರೆ ಜನರೇಟರ್ ಓಡಿಯೂ ಉಪಯೋಗ ಇಲ್ಲ. ಲಸಿಕೆ ಇಡುವ ಫ್ರಿಜ್ (ಐಎಲ್‌ಆರ್), ಔಷಧ ಉಗ್ರಾಣದ ಕೆಳಗಿನ ಅರೆ, ಎಕ್ಸ್‌ರೇ ಕೋಣೆ, ಬೋರ್‌ವೆಲ್ ಸ್ಟಾರ್ಟರ್ ಇವನ್ನೂ ಬರೆದುಕೊಳ್ಳಿ. ಯೋಜನೆಯ ಮೊದಲ ಪುಟ ಅದೇ.

ಆಮೇಲೆ ಡೀಸೆಲ್ ಲೆಕ್ಕ. ಕಂಪನಿ ಪುಸ್ತಕ ನೋಡಬೇಡಿ, ನೀವೇ ಅಳೆಯಿರಿ. ಟ್ಯಾಂಕ್ ತುಂಬಿಸಿ. ಆಪರೇಷನ್ ಥಿಯೇಟರ್, ಹೆರಿಗೆ ಕೋಣೆ, ಐಸಿಯು ಎಲ್ಲ ನಡೆಯುತ್ತಿರುವಾಗ ಎರಡು ಗಂಟೆ ಓಡಿಸಿ. ಮತ್ತೆ ಎಷ್ಟು ಲೀಟರ್ ಹಿಡಿಯಿತು ನೋಡಿ. ಗಂಟೆಗೆ 10 ಲೀಟರ್ ಕುಡಿದರೆ 72 ಗಂಟೆಗೆ 720 ಲೀಟರ್ ಬೇಕು. ಸೋಮವಾರ ಬೆಳಿಗ್ಗೆ ಲೋಡ್ ಇಲ್ಲದೆ ಸುಮ್ನೆ ಹತ್ತು ನಿಮಿಷ ಓಡಿಸಿ ರಿಜಿಸ್ಟರ್‌ನಲ್ಲಿ ‘ಸುಸ್ಥಿತಿಯಲ್ಲಿದೆ’ ಅಂತ ಬರೆಯೋದನ್ನು ನಾನು ಪರೀಕ್ಷೆ ಅಂತ ಒಪ್ಪೋದಿಲ್ಲ. ಪೆಟ್ರೋಲ್ ಬಂಕ್ ನದಿಯ ಆಚೆ ದಂಡೆಯಲ್ಲಿದ್ದರೆ ಈಚೆ ಇನ್ನೊಂದನ್ನು ಗೊತ್ತುಮಾಡಿ. ನೆರೆ ಸಮಯದಲ್ಲಿ ಆಸ್ಪತ್ರೆಗೆ ಮೊದಲು ಡೀಸೆಲ್ ಕೊಡಬೇಕು ಅಂತ ತಹಸೀಲ್ದಾರರಿಂದ ಮಳೆಗಾಲಕ್ಕೆ ಮೊದಲೇ ಪತ್ರ ಮಾಡಿಸಿ.

ಆಕ್ಸಿಜನ್ ಲೆಕ್ಕವೂ ಹೀಗೇ. ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ಒಬ್ಬ ರೋಗಿಗೆ ನಿಮಿಷಕ್ಕೆ 5 ಲೀಟರ್ ಕೊಟ್ಟರೆ ಒಂದು ಸಿಲಿಂಡರ್ 23 ಗಂಟೆ ಬರುತ್ತದೆ. ಅಂಥವರು ಆರು ಜನ ಇದ್ದರೆ ನಾಲ್ಕು ಗಂಟೆಯೊಳಗೆ ಖಾಲಿ. ಮೂರು ದಿನಕ್ಕೆ 19 ಸಿಲಿಂಡರ್. ನಮ್ಮಲ್ಲಿ ಆಕ್ಸಿಜನ್ ಪ್ಲಾಂಟ್ ಇದೆಯಲ್ಲ ಅನ್ನುತ್ತೀರಾ? ಗಾಳಿಯಿಂದ ಆಕ್ಸಿಜನ್ ತೆಗೆಯುವ ಆ ಪ್ಲಾಂಟ್ ಕರೆಂಟ್ ಹೋದರೆ ನಿಲ್ಲುತ್ತದೆ. ಅದನ್ನು ಜನರೇಟರ್ ಲೈನಿಗೆ ಕೊಟ್ಟಿದ್ದಾರಾ ನೋಡಿ. ಸಿಲಿಂಡರ್‌ಗಳಿಗೆ ಗೋಡೆಗೆ ಚೈನ್ ಹಾಕಿಸಿ. ಔಷಧದ ಬೀರುಗಳನ್ನು ಎಲ್ ಆ್ಯಂಗಲ್ ಹಾಕಿ ಗೋಡೆಗೆ ಬಿಗಿಸಿ. ಇವಕ್ಕೆಲ್ಲ ಆರೋಗ್ಯ ರಕ್ಷಾ ಸಮಿತಿಯ ದುಡ್ಡು ಸಾಕು.

ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಆ ಸೂಚ್ಯಂಕದ ಅಳತೆ ಹಾಸಿಗೆಗೆ ದಿನಕ್ಕೆ 300 ಲೀಟರ್, ಮೂರು ದಿನಕ್ಕೆ. ನಮ್ಮಂಥ ಆಸ್ಪತ್ರೆಗೆ 90,000 ಲೀಟರ್ ಆಯಿತು. ಅಷ್ಟು ದೊಡ್ಡ ತೊಟ್ಟಿ ಎಷ್ಟು ಕಡೆ ಇದೆ ಹೇಳಿ? ಇಲ್ಲ ಅಂತ ಇದ್ದದ್ದನ್ನೇ ಬರೆದು ಕಳಿಸಿ. ಸುಳ್ಳು ಬರೆದರೆ ಹೊಸ ತೊಟ್ಟಿ ಕೇಳೋ ದಾರಿಯೂ ಮುಚ್ಚುತ್ತದೆ.

ದೊಡ್ಡ ಕೆಲಸಕ್ಕೆ ದುಡ್ಡು ಕೇಳುವ ದಾರಿ ಇದೆ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ರಾಜ್ಯಗಳ ವಿಪತ್ತು ಹಣದಲ್ಲಿ 80 ಪಾಲು ಪರಿಹಾರಕ್ಕೆ, 20 ಪಾಲು ಮುಂಜಾಗ್ರತೆಯ ಕೆಲಸಕ್ಕೆ ಅಂತ ಬೇರೆ ಮಾಡಿದರು. ಜನರೇಟರ್ ಮೇಲೆತ್ತುವ, ಪ್ಯಾನಲ್ ಸ್ಥಳಾಂತರಿಸುವ ಅಂದಾಜುಪಟ್ಟಿಯನ್ನು ಎಂಜಿನಿಯರ್ ಸಹಿಯೊಂದಿಗೆ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಮೂಲಕ ಜಿಲ್ಲಾಧಿಕಾರಿಗೆ ಕಳಿಸಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಲೇಬೇಕು, ಅದರಲ್ಲಿ ನಿಮ್ಮ ಆಸ್ಪತ್ರೆ ಸೇರಲಿ. ಕೆಂಪು ಗೆರೆಯ ಫೋಟೋ ಲಗತ್ತಿಸೋದು ಮರೆಯಬೇಡಿ. ಹತ್ತು ಪುಟದ ವರದಿಗಿಂತ ಅದು ಬೇಗ ಕೆಲಸ ಮಾಡುತ್ತದೆ.

ಇನ್ನು ಜನರ ವಿಷಯ. ನೆರೆ ಒಂದೇ ರಾತ್ರಿಯಲ್ಲಿ ಬರೋದಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿರುವ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಆಗಸ್ಟ್‌ನಲ್ಲಿ ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತಿರುತ್ತದೆ. ಆ ಎರಡು ಮೂರು ದಿನ ಬಳಸಿಕೊಳ್ಳಿ. ನದಿ ದಂಡೆಯ ಹಳ್ಳಿಗಳಲ್ಲಿ ಎರಡು ವಾರದೊಳಗೆ ಹೆರಿಗೆ ಇರುವವರ ಪಟ್ಟಿ ಆಶಾ ಕಾರ್ಯಕರ್ತೆಯರಿಂದ ತರಿಸಿ. ರಸ್ತೆ ಮುಳುಗುವ ಮೊದಲೇ ಅವರನ್ನು ಕರೆತನ್ನಿ. ಡಯಾಲಿಸಿಸ್ ರೋಗಿಗಳಿಗೂ ಹಾಗೇ. ನೀರು ಏರಿದಾಗ ಹಾವು ಕಡಿದ ಕೇಸ್ ಜಾಸ್ತಿ. ವಿಷನಿರೋಧಕ ಚುಚ್ಚುಮದ್ದನ್ನು ಜುಲೈನಲ್ಲೇ ತುಂಬಿಸಿಕೊಳ್ಳಿ.

ಅಣಕು ಪ್ರದರ್ಶನವನ್ನು ಹಗಲು ಹನ್ನೊಂದಕ್ಕೆ, ಫೋಟೋಗ್ರಾಫರ್ ಕರೆಸಿ ಮಾಡಬೇಡಿ. ರಾತ್ರಿ ಪಾಳಿಯಲ್ಲಿ ಮಾಡಿ, ಇಬ್ಬರು ಸಿಸ್ಟರ್, ಒಬ್ಬ ಡ್ಯೂಟಿ ಡಾಕ್ಟರ್, ಒಬ್ಬ ಆಯಾ ಇರುವಾಗ. ನಾವು ಹಾಗೆ ಮಾಡಿದಾಗ ಎಲ್ಲ ಸರಿಯಾಗೇ ನಡೆಯಿತು, ಪ್ಯಾನಲ್ ಕೋಣೆಯ ಬಾಗಿಲವರೆಗೆ. ಬೀಗದ ಕೈ ಎಲೆಕ್ಟ್ರಿಷಿಯನ್ ಜೇಬಿನಲ್ಲಿತ್ತು, ಅವರು ಮನೆಗೆ ಹೋಗಿದ್ದರು. ಈಗ ಇನ್ನೊಂದು ಕೈ ಲೇಬರ್ ವಾರ್ಡಿನ ಟೇಬಲ್ ಪಕ್ಕದ ಮೊಳೆಗೆ ನೇತಾಡುತ್ತದೆ. ಬೆಂಕಿಗೂ ಇದೇ ಪಾಳಿಯಲ್ಲಿ ಅಭ್ಯಾಸ ಮಾಡಿಸಿ. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ 10 ಕೂಸುಗಳು ಹೋದದ್ದು ನಡುರಾತ್ರಿಯ ಬೆಂಕಿಯಲ್ಲೇ. ಯಾವ ಕೂಸನ್ನು ಯಾರು ಎತ್ತಿಕೊಳ್ಳಬೇಕು, ಯಾವ ಬಾಗಿಲಿಂದ ಹೊರಬರಬೇಕು, ಆಕ್ಸಿಜನ್ ವಾಲ್ವ್ ಯಾರು ಮುಚ್ಚಬೇಕು ಅಂತ ಪಾಳಿ ಶುರುವಾಗುವಾಗಲೇ ಹೇಳಿರಬೇಕು. ಆ ಬಾಗಿಲಿನ ಮುಂದೆ ಮುರಿದ ಸ್ಟ್ರೆಚರ್ ಒಟ್ಟಿದ್ದರೆ ಇವತ್ತೇ ತೆಗೆಸಿ.

ಕೊನೆಗೆ ಫೋನ್ ಪಟ್ಟಿ. ಹೆಸ್ಕಾಂ ಸೆಕ್ಷನ್ ಆಫೀಸರ್, ತಹಸೀಲ್ದಾರ್, ಅಗ್ನಿಶಾಮಕ ಠಾಣೆ, ಪಕ್ಕದ ತಾಲ್ಲೂಕು ಆಸ್ಪತ್ರೆ. ವರ್ಗಾವಣೆ ಆದೇಶವೂ ಮಳೆಗಾಲವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಹಾಗಾಗಿ ಹೆಸರಿನ ಬದಲು ಹುದ್ದೆ ಬರೆಯಿರಿ, ನಂಬರನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಜುಲೈ ಮೊದಲ ವಾರ ಒಂದೊಂದಕ್ಕೂ ಫೋನ್ ಮಾಡಿ ಯಾರು ಎತ್ತುತ್ತಾರೆ ನೋಡಿ.