ಮಾತಿಗೆ ನಿಲುಕದ್ದನ್ನು ಹಾಳೆಗೆ ಇಳಿಸುವ ಬಗೆ

ಕಾಸರಗೋಡಿನ ನಮ್ಮ ಕಡೆಯ ಹಳ್ಳಿಮನೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮೂರು ನಾಲ್ಕು ಭಾಷೆಗಳು ಓಡಾಡುತ್ತವೆ. ಅಡುಗೆಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಠಿಯೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಕಚೇರಿಯಲ್ಲಿಯೂ ಆಸ್ಪತ್ರೆಯಲ್ಲಿಯೂ ಹೆಚ್ಚಾಗಿ ಮಲಯಾಳ. ಜ್ವರವನ್ನೋ ಹೊಟ್ಟೆನೋವನ್ನೋ ಯಾವ ಭಾಷೆಯಲ್ಲಾದರೂ ವೈದ್ಯರಿಗೆ ತಿಳಿಸಬಹುದು. ಆದರೆ ಗಂಡನನ್ನು ಕಳೆದುಕೊಂಡ ಹೆಂಗಸಿನ ಎದೆಯಲ್ಲಿ ಮುಸ್ಸಂಜೆಗೆ ಏಳುವ ತಳಮಳವು ತುಳುವಿನಿಂದ ಮಲಯಾಳಕ್ಕೆ ದಾಟುವಷ್ಟರಲ್ಲಿ ‘ನಿದ್ದೆ ಬರುವುದಿಲ್ಲ’ ಎಂಬ ಎರಡು ಪದಗಳಾಗಿ ಕುಗ್ಗಿರುತ್ತದೆ. ಚಿತ್ರಕ್ಕೆ ಈ ದಾಟುವ ಕಷ್ಟವಿಲ್ಲ. ಕಲಾ ಚಿಕಿತ್ಸೆಯ ವಿಚಾರವು ಗಡಿನಾಡಿನವರಾದ ನಮಗೆ ಒಂದು ತೂಕ ಹೆಚ್ಚೇ ಸಲ್ಲುತ್ತದೆ ಎಂದು ನಾನು ಭಾವಿಸುವುದು ಈ ಕಾರಣಕ್ಕಾಗಿ.

ನಾನು ಚಿಕಿತ್ಸಕನಲ್ಲ, ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಈಗ ಭಾನುವಾರ ಮಧ್ಯಾಹ್ನ ಊರಿನ ವಾಚನಾಲಯದ ಜಗಲಿಯಲ್ಲಿ ಕಾಗದ, ಬಣ್ಣ ಹರಡಿಕೊಂಡು ಕೆಲವರೊಂದಿಗೆ ಕುಳಿತುಕೊಳ್ಳುತ್ತೇನೆ. ಕಲಾ ಚಿಕಿತ್ಸೆ ಎಂದರೆ ತರಬೇತಿ ಪಡೆದ ಚಿಕಿತ್ಸಕರು ರೋಗಿಯೊಡನೆ ಕುಳಿತು ನಡೆಸುವ ಕ್ರಮಬದ್ಧ ಕೆಲಸ. ಇಲ್ಲಿ ನಾನು ಹೇಳಹೊರಟಿರುವುದು ಅದರ ತತ್ವಗಳನ್ನು ಆಧರಿಸಿ ನಾವೇ ಮನೆಯಲ್ಲಿ ಮಾಡಿಕೊಳ್ಳಬಹುದಾದ ಅಭ್ಯಾಸವನ್ನು ಮಾತ್ರ, ಈ ಎರಡನ್ನೂ ಒಂದೇ ಎಂದು ತಿಳಿಯಬಾರದು.

‘ಕಲಾ ಚಿಕಿತ್ಸೆ’ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯರೋಗಕ್ಕಾಗಿ ಆರೋಗ್ಯಧಾಮದಲ್ಲಿ ಮಲಗಿದ್ದಾಗ ತಮ್ಮ ಬೇಸರ ಕಳೆಯಲು ಚಿತ್ರ ಬರೆಯತೊಡಗಿದ ಅವರು, ಅದರಿಂದ ತಮಗಾದ ಉಪಕಾರವನ್ನು ಕಂಡು ಅದನ್ನು ಇತರ ರೋಗಿಗಳಿಗೂ ಹಂಚಿದರು. ಈಚಿನ ಸಂಶೋಧನೆಗಳಲ್ಲಿ ಗಿರಿಜಾ ಕೈಮಲ್ ಅವರ ತಂಡವು ಅಮೆರಿಕದಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹೆಸರಿಸಬಹುದು. ಅದರಲ್ಲಿ 39 ಮಂದಿ ವಯಸ್ಕರು 45 ನಿಮಿಷಗಳ ಕಾಲ ಜೇಡಿಮಣ್ಣು, ಬಣ್ಣದ ಪೆನ್ನು, ಕಾಗದದ ತುಂಡುಗಳಿಂದ ತಮಗೆ ತೋಚಿದ್ದನ್ನು ಮಾಡಿದರು. ಸುಮಾರು ಶೇಕಡಾ 75 ಮಂದಿಯ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಳಿದಿತ್ತು. ಹೋಲಿಕೆಗೆ ಇನ್ನೊಂದು ಗುಂಪನ್ನು ಇಟ್ಟುಕೊಳ್ಳದ ಸಣ್ಣ ಅಧ್ಯಯನವಾದುದರಿಂದ ಅದನ್ನು ಅತಿಯಾಗಿ ನೆಚ್ಚಬೇಕಾಗಿಲ್ಲ. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ಬೇರೊಂದು: ಚಿತ್ರ ಬರೆದು ರೂಢಿಯಿದ್ದವರಿಗೂ ಇಲ್ಲದವರಿಗೂ ಆದ ಪ್ರಯೋಜನದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ.

ಸಾಮಗ್ರಿಯ ವಿಚಾರಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಏಕೆಂದರೆ ಯಾವುದರಿಂದ ಬರೆಯುತ್ತೇವೆ ಎಂಬುದು ಏನನ್ನು ಬರೆಯುತ್ತೇವೆ ಎಂಬಷ್ಟೇ ಮುಖ್ಯ. ಪೆನ್ಸಿಲ್ ನಮ್ಮ ಹತೋಟಿಯಲ್ಲಿರುತ್ತದೆ, ಬೇಡವಾದರೆ ಅಳಿಸಬಹುದು. ಕ್ರೇಯಾನು ಅದಕ್ಕಿಂತ ಸಡಿಲ. ನೀರು ಬಣ್ಣವಂತೂ ಬರೆಯುವವರ ಮಾತು ಕೇಳದೆ ತನ್ನ ಪಾಡಿಗೆ ಹರಿಯುತ್ತದೆ. ಆದ್ದರಿಂದ ಮನಸ್ಸು ಕದಡಿ, ಕೈ ನಡುಗುತ್ತಿರುವ ದಿನ ಪೆನ್ಸಿಲನ್ನೋ ಕ್ರೇಯಾನನ್ನೋ ಹಿಡಿಯುವುದು ಒಳ್ಳೆಯದು. ಒಳಗೆಲ್ಲ ಗಟ್ಟಿಕಟ್ಟಿ ಅಳುವೂ ಬಾರದಂತಿರುವ ದಿನ ದಪ್ಪ ಕುಂಚದಿಂದ ಒದ್ದೆ ಕಾಗದದ ಮೇಲೆ ಬಣ್ಣ ಬಿಟ್ಟರೆ ಗಂಟು ಸಡಿಲಾಗುವುದುಂಟು. ಕೋಪಕ್ಕೆ ಜೇಡಿಮಣ್ಣಿನಂಥ ಔಷಧ ಬೇರಿಲ್ಲ: ಗುದ್ದಬಹುದು, ಹರಿಯಬಹುದು, ಮತ್ತೆ ಉಂಡೆ ಕಟ್ಟಬಹುದು, ಮಣ್ಣಿಗೆ ಬೇಸರವಿಲ್ಲ.

ದುಡ್ಡು ಕೊಟ್ಟು ತರಲೇಬೇಕೆಂದೂ ಇಲ್ಲ. ನಮ್ಮ ಕಡೆ ‘ಹಾಳೆ’ ಎಂದರೆ ಕಾಗದವೂ ಹೌದು, ಅಡಿಕೆ ಮರದಿಂದ ಬಿದ್ದ ಹಾಳೆಯೂ ಹೌದು. ಒಣಗಿದ ಅಡಿಕೆ ಹಾಳೆಯ ಒಳಮೈ ಇದ್ದಿಲಿಗೂ ಬಣ್ಣಕ್ಕೂ ಚೆನ್ನಾಗಿ ಒದಗುತ್ತದೆ. ತೆಂಗಿನ ಗೆರಟೆಯ ಇದ್ದಿಲಿನಿಂದ ಕಪ್ಪು, ಮುರಕಲ್ಲಿನ ಪುಡಿಯಿಂದ ಕಾವಿ, ಅಕ್ಕಿಹಿಟ್ಟಿನಿಂದ ಬಿಳಿ, ಅರಶಿನದಿಂದ ಹಳದಿ ಸಿಗುತ್ತವೆ. ಅರಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಓಕುಳಿಯ ಕೆಂಪು ಬರುವುದನ್ನು ಎಲ್ಲರೂ ಬಲ್ಲರು, ಆದರೆ ಸುಣ್ಣ ಕಣ್ಣಿಗೂ ಚರ್ಮಕ್ಕೂ ಅಪಾಯವಾದ್ದರಿಂದ ಮಕ್ಕಳ ಕೈಗೆ ಕೊಡಬಾರದು. ಬಣ್ಣ ಕಲಸುವುದರಲ್ಲಿಯೇ ಅರ್ಧ ಸಮಾಧಾನವಿದೆ. ಆಟದ ರಾತ್ರಿ ಯಕ್ಷಗಾನದ ಚೌಕಿಗೆ ಹೋಗಿ, ಬಣ್ಣದ ವೇಷಧಾರಿಯು ಕನ್ನಡಿಯ ಮುಂದೆ ಕುಳಿತು ಅಕ್ಕಿ ಮತ್ತು ಸುಣ್ಣದ ಹಿಟ್ಟಿನಿಂದ ತನ್ನ ಮುಖಕ್ಕೆ ಚುಟ್ಟಿ ಎಂಬ ಬಿಳಿ ಮುಳ್ಳುಗಳ ಸಾಲು ಇಡುವುದನ್ನು ನೋಡಿದವರಿಗೆ ಆ ಮೌನ ಎಂಥದೆಂದು ವಿವರಿಸಬೇಕಾಗಿಲ್ಲ.

ಜಾಗವೂ ಸಮಯವೂ ಗೊತ್ತುಮಾಡಿದಂತಿರಲಿ. ಇಪ್ಪತ್ತು ನಿಮಿಷ ಸಾಕು, ಫೋನು ಒಳಕೋಣೆಯಲ್ಲಿರಲಿ. ಖಾಲಿ ಕಾಗದವನ್ನು ಕಂಡು ಹೆದರುವವರು ಊಟದ ಬಟ್ಟಲನ್ನು ಕವುಚಿ ಒಂದು ವೃತ್ತ ಎಳೆದುಕೊಂಡು, ಅದರೊಳಗೆ ಗೆರೆಗಳನ್ನು ಹೆಣೆಯುತ್ತಾ ಬಣ್ಣ ತುಂಬಲಿ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬರಿಯ ಕಾಗದಕ್ಕೆ ಬಣ್ಣ ಹಚ್ಚಿದವರಿಗಿಂತ ಮಂಡಲದಂಥ ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕ ಹೆಚ್ಚು ಇಳಿದಿತ್ತು. ಎರಡನೆಯ ಅಭ್ಯಾಸವಾಗಿ, ಕಣ್ಣು ಮುಚ್ಚಿ ಅರ್ಧ ನಿಮಿಷ ಮನಬಂದಂತೆ ಗೀಚಿ, ಕಣ್ಣು ತೆರೆದು ಆ ಗೋಜಲನ್ನು ನಾಲ್ಕೂ ದಿಕ್ಕಿನಿಂದ ತಿರುಗಿಸಿ ನೋಡಿ, ಕಾಣಿಸಿದ ಆಕಾರವೊಂದನ್ನು ತುಂಬಬೇಕು. ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಮೂರನೆಯದು: ಗೊಂಬೆಯಂತೆ ಮನುಷ್ಯದೇಹದ ಹೊರಗೆರೆಯೊಂದನ್ನು ಎಳೆದು, ಬೇಸರ, ಕೋಪ, ಹೆದರಿಕೆ ದೇಹದ ಯಾವ ಭಾಗದಲ್ಲಿ ಕುಳಿತಿದೆಯೋ ಅಲ್ಲಿ ತೋಚಿದ ಬಣ್ಣ ಹಚ್ಚುವುದು. ಮನಸ್ಸಿಗೆ ಏನಾಗಿದೆ ಎಂದರೆ ಉತ್ತರಿಸದ, ತಲೆಭಾರ, ಎದೆ ಉರಿ ಎಂದಷ್ಟೇ ಹೇಳುವ ನಮ್ಮ ಹಿರಿಯರು ಈ ಚಿತ್ರವನ್ನು ಸಲೀಸಾಗಿ ಬರೆಯುತ್ತಾರೆ.

ಬರೆದು ಮುಗಿದ ಮೇಲೆ ಬರುವ ಐದು ನಿಮಿಷಗಳಲ್ಲಿಯೇ ಹೆಚ್ಚಿನವರು ಎಡವುವುದು, ನಾನೂ ಎಡವಿದ್ದೇನೆ. ವರ್ಷಗಟ್ಟಲೆ ಮಕ್ಕಳ ಚಿತ್ರಗಳನ್ನು ತಿದ್ದಿದ ಕೈ ಇದು. ಮೊದಲ ಭಾನುವಾರವೇ ಒಬ್ಬ ಅಮ್ಮ ಬರೆದ ಮನೆಗೆ ಬಾಗಿಲಿಲ್ಲದ್ದನ್ನು ಕಂಡು “ಬಾಗಿಲು ಮರೆತಿರಲ್ಲ” ಎಂದುಬಿಟ್ಟೆ. ಅವರು ಕಾಗದವನ್ನು ಮಡಚಿ ಸೆರಗಿನಡಿ ಇಟ್ಟುಕೊಂಡರು, ಆ ದಿನ ಮತ್ತೆ ಬಣ್ಣ ಮುಟ್ಟಲಿಲ್ಲ. ಚಿತ್ರ ಚೆನ್ನಾಗಿದೆ ಎನ್ನುವುದೂ ಒಂದು ಬಗೆಯ ತಿದ್ದುವಿಕೆಯೇ, ಮುಂದಿನ ಸಲ ಅವರು ಚೆನ್ನಾಗಿ ಬರೆಯಲು ಹೊರಡುತ್ತಾರೆ. ಅದರ ಬದಲು ಚಿತ್ರವನ್ನು ಎರಡು ಮಾರು ದೂರದಲ್ಲಿ ಇಟ್ಟು ಸುಮ್ಮನೆ ನೋಡಬೇಕು. ಕೇಳಲೇಬೇಕೆಂದಿದ್ದರೆ, “ಇದರ ಬಗ್ಗೆ ಏನಾದರೂ ಹೇಳುತ್ತೀರಾ” ಎಂದೋ, “ಬರೆಯುವಾಗ ಹೇಗನಿಸಿತು” ಎಂದೋ ಕೇಳಿ, ಉತ್ತರ ಬಾರದಿದ್ದರೆ ಬಿಟ್ಟುಬಿಡಬೇಕು. ಬಣ್ಣಗಳಿಂದ ಅರ್ಥ ಹೊರಡಿಸುವ ಚಪಲವೂ ಬೇಡ. ಹುಡುಗನೊಬ್ಬ ವಾರಗಟ್ಟಲೆ ಎಲ್ಲವನ್ನೂ ಕಪ್ಪಿನಲ್ಲಿಯೇ ಬರೆಯುತ್ತಿದ್ದುದನ್ನು ಕಂಡು ನಾವು ಮೂವರು ದೊಡ್ಡವರು ಚಿಂತೆಗೆ ಬಿದ್ದಿದ್ದೆವು; ವಿಚಾರಿಸಿದಾಗ, ಉಳಿದ ಕ್ರೇಯಾನುಗಳನ್ನು ಅವನ ತಂಗಿ ಮುರಿದು ಹಾಕಿದ್ದಳು.

ಮಾತಾಡದ ಮಗುವಿನೊಂದಿಗೆ ಕುಳಿತುಕೊಳ್ಳುವವರಿಗೆ ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಬಳಸುತ್ತಿದ್ದ ಗೀಚಾಟವನ್ನು ಸೂಚಿಸುತ್ತೇನೆ: ನಾವೊಂದು ಗೆರೆ ಗೀಚುವುದು, ಮಗು ಅದನ್ನು ಏನಾದರೊಂದಾಗಿ ಮಾಡುವುದು, ಆ ಮೇಲೆ ಮಗುವಿನ ಗೆರೆ, ನಮ್ಮ ಸರದಿ. ಇನ್ನು, ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದ ಎಣ್ಮಕಜೆ, ಮುಳಿಯಾರುಗಳಂಥ ಊರುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ವರ್ಷಗಳಿಂದ ನೋಡಿಕೊಳ್ಳುತ್ತಿರುವ ತಾಯಂದಿರಿದ್ದಾರೆ. ಇಪ್ಪತ್ತು ನಿಮಿಷ ಎಂದು ಅವರಿಗೆ ಹೇಳುವಾಗ ನನಗೆ ಸಂಕೋಚವಾಗುತ್ತದೆ. ಮಗು ಮಲಗಿದ ಮೇಲೆ ಕ್ಯಾಲೆಂಡರಿನ ಹಳೆಯ ಪುಟದ ಹಿಂಬದಿಯಲ್ಲಿ ದಿನಕ್ಕೊಂದು ಅಂಗೈಯಗಲದ ಚೌಕವನ್ನು ಆ ದಿನದ ಬಣ್ಣದಿಂದ ತುಂಬಿದರೂ ಸಾಕು. ಬಣ್ಣದಿಂದ ಅವರ ಹೊರೆ ಇಳಿಯದು, ಅವರಿಗೆ ಸಲ್ಲಬೇಕಾದ ಪರಿಹಾರಧನಕ್ಕೆ ಅದು ಬದಲಿಯೂ ಅಲ್ಲ.

ಕೆಲವು ಎಚ್ಚರಿಕೆಗಳಿವೆ. ಅಪಘಾತ, ದೌರ್ಜನ್ಯ, ಸಾವು ಮೊದಲಾದವುಗಳನ್ನು ಕಂಡವರಿಗೆ ಆ ಘಟನೆಯನ್ನೇ ಬರೆಯಿರಿ ಎಂದು ಒತ್ತಾಯಿಸಬಾರದು. ತಮಗೆ ನೆಮ್ಮದಿ ಅನಿಸುವ ಸ್ಥಳವೊಂದನ್ನು ಬರೆಯುವುದರಿಂದ ತೊಡಗಲಿ. ಬರೆಯುತ್ತಿರುವಾಗ ಉಸಿರು ಏರಿದರೆ, ಮೈ ಬೆವರಿದರೆ ಅಲ್ಲಿಗೇ ನಿಲ್ಲಿಸಿ, ತಣ್ಣೀರಿನಲ್ಲಿ ಕೈ ತೊಳೆದು, ಸುತ್ತ ಕಾಣುವ ಐದು ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳಿಸಬೇಕು. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಕಾಯದೆ, ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಮಲಯಾಳದಂತೆ ಕನ್ನಡವೂ ಅದರ ಸೇವಾಭಾಷೆಗಳಲ್ಲಿ ಒಂದು.

ಚಿತ್ರಗಳನ್ನು ಏನು ಮಾಡಬೇಕೆಂದು ಎಲ್ಲರೂ ಕೇಳುತ್ತಾರೆ. ಅವು ಬರೆದವರ ಸೊತ್ತು. ಗೋಡೆಗೆ ಅಂಟಿಸುವುದಾಗಲಿ, ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುವುದಾಗಲಿ ಅವರ ಒಪ್ಪಿಗೆಯಿಲ್ಲದೆ ಕೂಡದು. ಇಟ್ಟುಕೊಳ್ಳುವವರು ಹಿಂಬದಿಯಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆದು, ಆಟಿ ತಿಂಗಳ ಮಳೆಗೆ ಬೂಸು ಹಿಡಿಯದಂತೆ ತಗಡಿನ ಪೆಟ್ಟಿಗೆಯಲ್ಲಿ ಇಡಲಿ. ಕೆಲವು ತಿಂಗಳ ಬಳಿಕ ಸಾಲಾಗಿ ಹರಡಿ ನೋಡಿದರೆ ಒಂದೊಂದು ಚಿತ್ರದಲ್ಲಿ ಕಾಣದ ಬದಲಾವಣೆ ಕಾಣಿಸುತ್ತದೆ. ಇಟ್ಟುಕೊಳ್ಳಲು ಮನಸ್ಸಿಲ್ಲದವರು ಹರಿದು ಬಚ್ಚಲ ಒಲೆಗೆ ಹಾಕಬಹುದು. ಬಾಗಿಲಿಲ್ಲದ ಮನೆ ಬರೆದ ಆ ಅಮ್ಮ ಈಗಲೂ ಭಾನುವಾರ ಬರುತ್ತಾರೆ, ಬರೆದದ್ದನ್ನೆಲ್ಲ ಮಡಚಿ ಮನೆಗೆ ಒಯ್ಯುತ್ತಾರೆ; ಪೆಟ್ಟಿಗೆಗೋ ಒಲೆಗೋ ಎಂದು ನಾನು ಕೇಳಿಲ್ಲ.