ಹಳೇ ಸ್ಪೋರ್ಟ್ಸ್ ಕಾರಿನ ರಿಲೇ ಬದಲಿ ಮಾಡೂದು ಹೆಂಗ?

ಮಧ್ಯಾಹ್ನದ ಬಿಸಿಲಾಗ ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ತಾಸೊತ್ತು ನಿಂತ ಹಳೇ ಗಾಡಿ ಸೆಲ್ಫ್ ಹೊಡದ್ರ ಇಂಜಿನ್ ತಿರಗ್ತೈತಿ ಆದ್ರ ಸ್ಟಾರ್ಟ್ ಆಗೂದಿಲ್ಲ, ಸಂಜೀಮುಂದ ತಂಪಾದಮ್ಯಾಲೆ ಏನೂ ಆಗೇ ಇಲ್ಲ ಅನ್ನೂಹಂಗ ಸ್ಟಾರ್ಟ್ ಆಗ್ತೈತಿ ಅಂದ್ರ ಮದ್ಲ ಫ್ಯೂಯಲ್ ಪಂಪಿನ ರಿಲೇ ಮ್ಯಾಲೆ ಸಂಶಯ ಪಡ್ರಿ. ರಿಲೇ ಒಳಗಿನ ಬೆಸುಗಿ ವಯಸ್ಸಾಗಿ ಸಣ್ಣ ಬಿರುಕು ಬಿಟ್ಟಿರ್ತೈತಿ, ಕಾವು ಏರಿದ್ರ ಅಲ್ಲೇ ಕರೆಂಟ್ ಕಟ್ ಆಗ್ತೈತಿ. ಪೋರ್ಷೆ 944ರ ಡಿಎಂಇ (ಇಂಜಿನ್ ಕಂಪ್ಯೂಟರ್) ರಿಲೇ ಇದಕ್ಕ ಭಾಳ ಹೆಸರಾದದ್ದು, ಅದೊಂದು ಹೋದ್ರ ಇಂಜಿನ್ ಕಂಪ್ಯೂಟರೂ ಬಂದ್, ಪಂಪೂ ಬಂದ್. ನಮ್ಮ ಕಡೆ ಪೋರ್ಷೆ ಎಲ್ಲಿ ಬರಬೇಕ್ರಿ, ಆದ್ರ ಪಕ್ಕದ ಗೋವಾದಾಗ ತಯಾರಾಗ್ತಿದ್ದ ಸ್ಯಾನ್ ಸ್ಟಾರ್ಮ್‌ನಂಥ ಎರಡು ಸೀಟಿನ ಗಾಡಿ ಪ್ರೀತಿಯಿಂದ ಇಟ್ಕೊಂಡವರಿಗೂ ಇದ ಲೆಕ್ಕ.

ರಿಲೇ ಅಂದ್ರ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡೂ ಸ್ವಿಚ್, ಅಷ್ಟ. 85 ಮತ್ತ 86 ನಂಬರಿನ ಪಿನ್ ಕಾಯಿಲಿಂದು (ಕರೆಂಟ್ ಬಂದ್ರ ಅಯಸ್ಕಾಂತ ಆಗಿ ಒಳಗಿನ ಸ್ವಿಚ್ ಎಳಿಯೂ ತಂತಿ ಸುರುಳಿ), 30ಕ್ಕ ಬ್ಯಾಟರಿ ಕರೆಂಟ್ ಬರ್ತೈತಿ, 87ರಿಂದ ಪಂಪಿಗೋ ಫ್ಯಾನಿಗೋ ಹೋಗ್ತೈತಿ. ಐದು ಪಿನ್ ಇದ್ರ ನಡುವಿಂದು 87ಎ, ರಿಲೇ ಆಫ್ ಇದ್ದಾಗ 30ರ ಜೋಡಿ ಕೂಡಿರೂದು.

ಹೊಸಾದು ತರೂಕಿಂತ ಮದ್ಲ ಹಳೇದು ಖರೇನ ಹೋಗೇತೋ ಇಲ್ಲೋ ನೋಡ್ರಿ. ಭಾಳ ಮಂದಿ ಕೀ ತಿರುವಿದಾಗ ‘ಟಕ್’ ಅಂತು, ಅಂದ್ರ ರಿಲೇ ಚೊಲೋ ಐತಿ ಅಂತ ಬಿಟ್ಟುಬಿಡ್ತಾರ, ಅದು ತಪ್ಪು. ಟಕ್ ಅಂದ್ರ ಕಾಯಿಲ್ ಎಳೀತು ಅಂತಷ್ಟ ಅರ್ಥ, ಒಳಗ ದೊಡ್ಡ ಕರೆಂಟ್ ದಾಟಿಸೂ ಕಾಂಟ್ಯಾಕ್ಟ್ ಸುಟ್ಟು ಕರ್ರಗಾಗಿದ್ರೂ ಟಕ್ ಅಂತೈತಿ. ಗಾಡ್ಯಾಗ ಹಾರ್ನಿಗೆ ಅದ ನಮೂನಿ ರಿಲೇ ಇದ್ರ ಅದನ್ನ ತಗದು ಇಲ್ಲಿ ಹಾಕಿ ನೋಡ್ರಿ, ಗಾಡಿ ಸ್ಟಾರ್ಟ್ ಆತು ಅಂದ್ರ ಉತ್ತರ ಸಿಕ್ಕಂಗ. ಮಲ್ಟಿಮೀಟರ್ ಇದ್ರ ಇನ್ನೂ ಚೊಲೋ: ಪಂಪ್ ನಡದಿರುವಾಗ 30 ಮತ್ತ 87ರ ನಡುವ ವೋಲ್ಟೇಜ್ ಅಳೀರಿ, 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದ್ರ ಕಾಂಟ್ಯಾಕ್ಟ್ ಸವದೈತಿ. ರಿಲೇ ಹೊರಗ ತಗದು 85–86 ನಡುವ ಓಮ್ ನೋಡಿದ್ರ ಸಾಮಾನ್ಯವಾಗಿ 70ರಿಂದ 100ರ ಆಜೂಬಾಜೂ ಇರ್ತೈತಿ, ಏನೂ ತೋರಸಲಿಲ್ಲಂದ್ರ ಕಾಯಿಲ್ ಹರದೈತಿ.

ಇನ್ನ ಖರೀದಿ. ಇಲ್ಲಿ ಅವಸರ ಬ್ಯಾಡ್ರಿ, ಹಳೇ ರಿಲೇ ಕೈಯಾಗ ಹಿಡ್ಕೊಂಡ ಅಂಗಡಿಗೆ ಹೋಗ್ರಿ. ಪಿನ್ ಕೂತ್ವು ಅಂದಕೂಡಲೇ ಅದು ಸರಿ ಅಂತಲ್ಲ. ನಾಕು ಪಿನ್ನಿನ ರಿಲೇದಾಗ ಎರಡು ನಮೂನಿ ಅದಾವ, ಹೊರಗಿಂದ ನೋಡೂದಕ್ಕ ಒಂದ, ಆದ್ರ 30 ಮತ್ತ 86ರ ಜಾಗ ಅದಲುಬದಲು. ತಪ್ಪಿ ಇನ್ನೊಂದು ಹಾಕಿದ್ರ ದೊಡ್ಡ ಲೋಡು ಹೋಗಬಾರದ ದಾರಿಲೆ ಹೋಗಿ ವೈರ್ ಸುಡ್ತೈತಿ. ಅದಕ್ಕ ಎರಡೂ ರಿಲೇ ಮೈಮ್ಯಾಲಿನ ಚಿತ್ರ ಪಕ್ಕಪಕ್ಕ ಇಟ್ಟು ನಂಬರ್ ಕೂಡಿಸಿ ನೋಡ್ರಿ, ಆಂಪ್ ಹಳೇದಕ್ಕಿಂತ ಕಡಿಮಿ ಇರಬಾರದು, ಡಯೋಡ್ (ಕರೆಂಟ್ ಒಂದ ದಿಕ್ಕಿಗೆ ಬಿಡೂ ಭಾಗ) ಗುರ್ತು ಇದ್ರ ಹೊಸದರಾಗೂ ಅದ ದಿಕ್ಕಿಗೆ ಇರಬೇಕು.

ಬದಲಿ ಮಾಡೂದು ಐದ ನಿಮಿಷದ ಕೆಲಸ. ಕೀ ತಗೀರಿ, ಬ್ಯಾಟರಿ ನೆಗೆಟಿವ್ ಬಿಚ್ಚರಿ, ಮೊಬೈಲ್‌ನ್ಯಾಗ ಒಂದು ಫೋಟೋ ಹೊಡ್ಕೊಳ್ರಿ, ರಿಲೇ ಮೈ ಹಿಡದು ಸ್ವಲ್ಪ ಅಲುಗಾಡಿಸ್ಕೋತ ನೆಟ್ಟಗ ಎಳೀರಿ. ವೈರ್ ಹಿಡದು ಎಂದೂ ಎಳೀಬ್ಯಾಡ್ರಿ. ಆಮ್ಯಾಲೆ ಸಾಕೆಟ್ ಒಳಗ ಟಾರ್ಚ್ ಬಿಟ್ಟು ನೋಡ್ರಿ, ಹಸರ ಕಿಲುಬು ಇದ್ರ ಕಾಂಟ್ಯಾಕ್ಟ್ ಕ್ಲೀನರ್ ಹೊಡೀರಿ, ಪ್ಲಾಸ್ಟಿಕ್ ಸುಟ್ಟು ಕಂದು ಆಗಿದ್ರ ಸಾಕೆಟ್ಟೂ ಬದಲಿ ಆಗಬೇಕು.

ನನಗ ಇದಕ್ಕಿಂತ ಮುಖ್ಯ ಅನ್ಸೂದು, ಹಳೇ ರಿಲೇ ಯಾಕ ಸುಟ್ಟಿತು ಅನ್ನೂದು. ಸ್ಯಾನ್ ಸ್ಟಾರ್ಮ್ ಬಾಡಿ ಫೈಬರ್‌ಗ್ಲಾಸಿಂದು. ತಗಡಿನ ಗಾಡ್ಯಾಗ ಬಾಡೀನ ಅರ್ಥ್ (ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗೂ ದಾರಿ), ಫೈಬರ್‌ನ್ಯಾಗ ಕರೆಂಟ್ ಹರಿಯೂದ ಇಲ್ಲ, ಅದಕ್ಕ ಪ್ರತಿ ಅರ್ಥಿಗೂ ವೈರ್ ಎಳದಿರ್ತಾರ. ಧಾರವಾಡದ ಮಳಿಗಾಲದಾಗ ಆ ವೈರಿನ ಬೋಲ್ಟ್ ಜಂಗು ಹಿಡೀತು ಅಂದ್ರ ಕಾಯಿಲಿಗೆ ಪೂರ್ತಿ ವೋಲ್ಟೇಜ್ ಸಿಗೂದಿಲ್ಲ, ರಿಲೇ ಟರ್ರ್ ಅಂತ ನಡಗ್ತೈತಿ, ಕಾಂಟ್ಯಾಕ್ಟ್ ಕಿಡಿ ಹೊಡದು ಸುಡ್ತೈತಿ, ಎಷ್ಟು ಹೊಸಾ ರಿಲೇ ಹಾಕಿದ್ರೂ ಮತ್ತ ಅದ ಹಾಡು. ಬೋಲ್ಟ್ ಬಿಚ್ಚಿ ಪಾಲಿಶ್ ಪೇಪರ್‌ಲೆ ತಿಕ್ಕಿ ಬಿಗೀರಿ. ಹೆಡ್‌ಲೈಟಿನ ರಿಲೇ ಸುಡ್ತಿದ್ರ ಬಲ್ಬ್ ನೋಡ್ರಿ, 60/55 ವ್ಯಾಟ್ ಇರೂ ಜಾಗದಾಗ 100/90 ಹಾಕಿದ್ರ ಎರಡು ಬಲ್ಬಿಗೆ ಹೈಬೀಮ್‌ನ್ಯಾಗ 16–17 ಆಂಪ್ ಎಳೀತೈತಿ, ಹಳೇ ವೈರ್ ಅದನ್ನ ತಡಿಯೂದಿಲ್ಲ. ದೊಡ್ಡ ಫ್ಯೂಸ್ ಹಾಕಿ ಸಮಾಧಾನ ಮಾಡ್ಕೋಬ್ಯಾಡ್ರಿ, ಬೆಂಕಿ ಹತ್ತೂ ಕೆಲಸ ಅದು.

ಹೊಸಾ ರಿಲೇ ಪೂರ್ತಿ ಕೂಡೂತನಕ ಒತ್ತರಿ, ನೆಗೆಟಿವ್ ಕೊನೀಗೆ ಹಾಕ್ರಿ. ಅರ್ಧ ತಾಸು ಗಾಡಿ ಓಡಿಸಿ ಬಂದು ರಿಲೇ ಮುಟ್ಟಿ ನೋಡ್ರಿ. ಉಗುರುಬೆಚ್ಚಗ ಇದ್ರ ಸರಿ, ಕೈ ಇಡಾಕ ಆಗದಷ್ಟು ಸುಡ್ತಿದ್ರ ಸಾಕೆಟ್ಟಿನ ಟರ್ಮಿನಲ್ ಸಡ್ಲ ಇರಬಹುದು, ಎಲೆಕ್ಟ್ರಿಷಿಯನ್ ಕಡೆ ತೋರಿಸಿ, ಸಡ್ಲ ಇದ್ರ ಹೊಸಾ ಟರ್ಮಿನಲ್ ಹೊಡಸ್ರಿ.